ಗಣಕಕ್ಕೆ ಮರಳಿದ ನೀರು

ಗಣಕಯಂತ್ರದ ಬಳಿ ನೀರು ಸುಳಿಯಬಾರದೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಒಂದು ಕಾಲದ ಹಲವು ದೊಡ್ಡ ಗಣಕಗಳು ನೀರಿಲ್ಲದೆ ನಡೆಯುತ್ತಲೇ ಇರಲಿಲ್ಲ. ಐಬಿಎಂ ಸಂಸ್ಥೆ 1980ರಲ್ಲಿ ಪ್ರಕಟಿಸಿದ 3081 ಗಣಕದಲ್ಲಿ ಚಿಪ್‌ಗಳ ಶಾಖವನ್ನು ಪುಟ್ಟ ಲೋಹದ ಪಿಸ್ಟನ್‌ಗಳು ಹೀರಿ, ತಣ್ಣೀರು ಹರಿಯುವ ಫಲಕಕ್ಕೆ ದಾಟಿಸುತ್ತಿದ್ದವು. 1985ರ ಕ್ರೇ-2 ಗಣಕವಂತೂ ವಿದ್ಯುತ್ ಹರಿಯಗೊಡದ ದ್ರವದಲ್ಲೇ ಮುಳುಗಿತ್ತು.

ಕಾರಣ ಸರಳ: ಅಷ್ಟೇ ಗಾತ್ರದ ಗಾಳಿಗಿಂತ ನೀರು ಮೂರು ಸಾವಿರ ಪಟ್ಟಿಗೂ ಹೆಚ್ಚು ಶಾಖ ಹೊರಬಲ್ಲದು.

1990ರ ದಶಕದಲ್ಲಿ ಕಡಿಮೆ ವಿದ್ಯುತ್ ಬೇಡುವ ಸಿಮಾಸ್ ಚಿಪ್‌ಗಳು ಬಂದವು. ಕೊಳವೆಗಳು ಮರೆಯಾಗಿ, ನೆಲದಡಿಯಿಂದ ತಂಪು ಗಾಳಿ ಊದುವ ಹವಾನಿಯಂತ್ರಿತ ಕೋಣೆ ರೂಢಿಗೆ ಬಂತು. ಮುಂದೆ ಚಿಪ್‌ಗಳ ಕಾವು ಮತ್ತೆ ಏರಿತು. ಹಳೆಯ ಕೋಣೆಗಳಲ್ಲಿ ಸರ್ವರ್ ಕಪಾಟಿನ ಹಿಂಬಾಗಿಲಿಗೇ ತಣ್ಣೀರಿನ ಸುರುಳಿ ಕೂರಿಸಿದರು. 2018ರಲ್ಲಿ ಗೂಗಲ್ ತನ್ನ ಟಿಪಿಯು ಚಿಪ್‌ಗಳ ನೆತ್ತಿಗೇ ದ್ರವ ಹರಿಸಿತು.

ಚಿಪ್‌ನಿಂದ ತೆಗೆದ ಶಾಖ ಕೊನೆಗೆ ಹೊರಗೆ ಹೋಗಲೇಬೇಕು. ಕೊಳವೆಯೊಳಗಿನ ನೀರು ಸುತ್ತಿ ಮರಳುತ್ತದೆ; ಹೊರಗಿನ ತಂಪುಗೋಪುರದಲ್ಲಿ ಆವಿಯಾದ ನೀರು ಮರಳದು. ಸರ್ವರ್ ಕೇಂದ್ರಗಳಿಗೆ ನೆಲೆ ಕೊಟ್ಟಿರುವ, 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದು ನಿಂತ ಬೆಂಗಳೂರು ಕೇಳಬೇಕಾದ ಲೆಕ್ಕ ಈ ಎರಡನೆಯ ನೀರಿನದು.