ಮಂಗೋಲರು ಬರ್ಬರರೆ?

ಚೆಂಗೀಸ್‌ಖಾನನ ಹೆಸರು ಕಿವಿಗೆ ಬಿದ್ದೊಡನೆ ಹೊತ್ತಿ ಉರಿಯುವ ಊರುಗಳೂ ತಲೆಬುರುಡೆಗಳ ರಾಶಿಯೂ ನಮ್ಮ ಕಣ್ಣಮುಂದೆ ಬಂದು ನಿಲ್ಲುತ್ತವೆ. ‘ಬರ್ಬರ’ ಎಂಬ ಮಾತು ಮಂಗೋಲರಿಗಲ್ಲದೆ ಮತ್ತಾರಿಗೆ ಒಪ್ಪೀತು? ಆದರೂ ಆ ಮಾತನ್ನಾಡಲು ನನ್ನ ಮನಸ್ಸು ಹಿಂಜರಿಯುತ್ತದೆ. ಅವರು ಕ್ರೂರಿಗಳೆಂಬುದರಲ್ಲಿ ಸಂದೇಹವಿಲ್ಲ. ಆ ಕ್ರೌರ್ಯ ಬರ್ಬರತನದಿಂದ ಹುಟ್ಟಿತೆ ಎಂಬುದೇ ಪ್ರಶ್ನೆ.

1218ರಲ್ಲಿ ಚೆಂಗೀಸನ ರಾಜ್ಯದಿಂದ ಹೊರಟ ಸುಮಾರು 450 ಮಂದಿ ವರ್ತಕರು ಖ್ವಾರಜ್ಮ್ ರಾಜ್ಯದ ಗಡಿಪಟ್ಟಣವಾದ ಒತ್ರಾರಿಗೆ ಬಂದರು. ಅಲ್ಲಿಯ ಅಧಿಕಾರಿ ಅವರನ್ನು ಗೂಢಚಾರರೆಂದು ಕೊಲ್ಲಿಸಿ ಸರಕನ್ನೆಲ್ಲ ಕಿತ್ತುಕೊಂಡ. ನ್ಯಾಯ ಕೇಳಲು ಬಂದ ರಾಯಭಾರಿಯನ್ನು ಸುಲ್ತಾನ್ ಮಹಮ್ಮದನೇ ಕೊಲ್ಲಿಸಿದ. ದೂತನನ್ನು ಕೊಲ್ಲಬಾರದೆಂಬ ವಿಭೀಷಣನ ಮಾತಿಗೆ ರಾವಣನಾದರೂ ಕಿವಿಗೊಟ್ಟಿದ್ದ. ನಾಗರಿಕನಾದ ಈ ಸುಲ್ತಾನನಿಗೆ ಅಷ್ಟೂ ವಿವೇಕವಿರಲಿಲ್ಲ.

ಅದಕ್ಕೆ ತೀರಿಸಿಕೊಂಡ ಸೇಡು ಘೋರವಾದುದು. 1220ರಲ್ಲಿ ಬುಖಾರ, ಸಮರ್ಕಂದಗಳು ಬಿದ್ದವು. 1221ರಲ್ಲಿ ಮರ್ವ್, ನಿಶಾಪುರಗಳು ಹಾಳಾದವು. ಮರ್ವ್ ಒಂದರಲ್ಲೇ 13 ಲಕ್ಷ ಹೆಣಗಳನ್ನು ಎಣಿಸಿದರೆಂದು ಚರಿತ್ರೆಕಾರ ಜುವೈನಿ ಬರೆದಿದ್ದಾನೆ. ಇದು ನಂಬತಕ್ಕ ಲೆಕ್ಕವಲ್ಲ. ಆದರೆ ಹೀಗೆ ಬರೆದವನು ಮಂಗೋಲರ ವೈರಿಯೇನಲ್ಲ. ಅವರ ಕೈಕೆಳಗೆ 1259ರಲ್ಲಿ ಬಾಗ್ದಾದಿನ ಆಡಳಿತ ವಹಿಸಿಕೊಂಡವನು! ಅದಕ್ಕೆ ಹಿಂದಿನ ವರ್ಷವೇ ಆ ನಗರವನ್ನು ಸೂರೆಮಾಡಿದ ಚೆಂಗೀಸನ ಮೊಮ್ಮಗ ಹುಲಗು, ಅಲ್ಲಿ ಎರಡು ಲಕ್ಷಕ್ಕೂ ಮಿಗಿಲಾದ ಜನರನ್ನು ಕೊಂದುದಾಗಿ 1262ರಲ್ಲಿ ಫ್ರಾನ್ಸಿನ ದೊರೆಗೆ ತಾನೇ ಬರೆಯಿಸಿದ. ಅಪಕೀರ್ತಿಯೇ ಅವರ ಆಯುಧವಾಗಿತ್ತು. ಹೆದರಿದ ಊರು ತಾನಾಗಿ ಕೋಟೆಯ ಬಾಗಿಲು ತೆರೆದರೆ ಅವರ ಸವಾರರ ಪ್ರಾಣ ಉಳಿಯುತ್ತಿತ್ತು.

ಕೊಲೆಯಲ್ಲೂ ಅವರದು ಲೆಕ್ಕಾಚಾರ. ಊರು ಬಿದ್ದೊಡನೆ ಕುಶಲಕರ್ಮಿಗಳನ್ನು ಬೇರೆ ನಿಲ್ಲಿಸಿ ಉಳಿಸಿಕೊಳ್ಳುತ್ತಿದ್ದರು. ದಾರಿಯುದ್ದಕ್ಕೂ ಕುದುರೆ ಬದಲಿಸುವ ಠಾಣೆಗಳನ್ನಿಟ್ಟು ಅಂಚೆ ನಡೆಸಿದವರು, ಹಲವು ಮತಗಳ ಗುರುಗಳಿಗೆ ತೆರಿಗೆ ಬಿಟ್ಟುಕೊಟ್ಟವರು ಇವರೇ. 1259ರಲ್ಲಿ ಮರಾಘದಲ್ಲಿ ನಸೀರುದ್ದೀನ್ ತೂಸಿಯ ವೀಕ್ಷಣಾಲಯಕ್ಕೆ ಆಶ್ರಯ ಕೊಟ್ಟವನು ಅದೇ ಹುಲಗು.

ಈ ಅಂಚೆಯನ್ನೂ ವೀಕ್ಷಣಾಲಯವನ್ನೂ ತೋರಿಸಿ ಮಂಗೋಲರನ್ನು ನಿರ್ದೋಷಿಗಳೆನ್ನುವವರುಂಟು. ಮರ್ವಿನಲ್ಲಿ ಸತ್ತವರಿಗೆ ಅವುಗಳಿಂದ ಬಂದ ಭಾಗ್ಯವೇನು? ಅಂಚೆ ನಡೆಸಿದ ಶಿಸ್ತೇ ಊರುಗಳನ್ನೂ ಅಳಿಸಿತೆಂದು ನನಗೆ ತೋರುತ್ತದೆ. ಬರ್ಬರರೆಂದು ಕರೆದುಬಿಟ್ಟರೆ ಕ್ರೌರ್ಯವನ್ನೆಲ್ಲ ಹುಲ್ಲುಗಾವಲಿನ ಡೇರೆಗಳಿಗೆ ಹಚ್ಚಿ ನಗರವಾಸಿಗಳಾದ ನಾವು ಕೈತೊಳೆದುಕೊಳ್ಳಬಹುದು. ಆದರೆ 1099ರಲ್ಲಿ ಜೆರುಸಲೇಮಿನ ಜನರನ್ನು ಕಡಿದ ಶಿಲುಬೆಯ ಯೋಧರು ಡೇರೆಗಳಲ್ಲಿ ಹುಟ್ಟಿದವರಲ್ಲ. 1942ರಲ್ಲಿ ಯಹೂದ್ಯರನ್ನು ಕೊಲೆಯ ಶಿಬಿರಗಳಿಗೆ ಒಯ್ದ ರೈಲುಗಳು ವೇಳಾಪಟ್ಟಿಯಂತೆ ಓಡಿದವು.

ಕ್ರೂರರೆಂಬ ಅಪಕೀರ್ತಿ ಮಂಗೋಲರಿಗೆ ಸಲ್ಲತಕ್ಕದ್ದೇ. ಬರ್ಬರರೆಂಬುದು ಮಾತ್ರ ನಮ್ಮ ಸಮಾಧಾನಕ್ಕಾಗಿ ನಾವು ಇಟ್ಟ ಹೆಸರು.