ಷೇರುಗಳ ಕ್ರೋಡೀಕರಣ: ಬೆಲೆ ಹಾಗೂ ಹೂಡಿಕೆದಾರರ ವಿಶ್ವಾಸದ ಮೇಲೆ ಅದರ ಪರಿಣಾಮ

ಕಂಪನಿಯೊಂದು ತನ್ನ ಹಲವು ಷೇರುಗಳನ್ನು ಒಂದುಗೂಡಿಸಿ, ಹೆಚ್ಚಿನ ಮುಖಬೆಲೆಯ ಕಡಿಮೆ ಸಂಖ್ಯೆಯ ಷೇರುಗಳನ್ನಾಗಿ ಮಾರ್ಪಡಿಸುವುದನ್ನು ಷೇರುಗಳ ಕ್ರೋಡೀಕರಣ ಎನ್ನಲಾಗುತ್ತದೆ. ಮಾರುಕಟ್ಟೆಯಲ್ಲಿ ಇದು ‘ರಿವರ್ಸ್ ಸ್ಪ್ಲಿಟ್’ ಎಂದು ಪರಿಚಿತವಾಗಿದೆ.

ಬೆಲೆಯ ಮೇಲೆ ಪರಿಣಾಮ
ಉದಾಹರಣೆಗೆ, 1 ರೂ. ಮುಖಬೆಲೆಯ 500 ಷೇರುಗಳು ತಲಾ 4 ರೂ.ನಂತೆ ಒಟ್ಟು 2,000 ರೂ. ಬೆಲೆಬಾಳುತ್ತವೆ. 10 ಷೇರುಗಳಿಗೆ 1ರಂತೆ ಕ್ರೋಡೀಕರಿಸಿದಾಗ 10 ರೂ. ಮುಖಬೆಲೆಯ 50 ಷೇರುಗಳು ಉಳಿದು, ಪ್ರತಿಯೊಂದರ ಬೆಲೆ ಸುಮಾರು 40 ರೂ. ಆಗುತ್ತದೆ. ಹೂಡಿಕೆಯ ಒಟ್ಟು ಮೌಲ್ಯ ಬದಲಾಗುವುದಿಲ್ಲ. ಆದುದರಿಂದ ಈ ಏರಿಕೆಯನ್ನು ಲಾಭವೆಂದು ಭಾವಿಸತಕ್ಕದ್ದಲ್ಲ.

ಹೂಡಿಕೆದಾರರ ವಿಶ್ವಾಸ
ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರದಲ್ಲಿ ಸತತ 30 ವಹಿವಾಟು ದಿನಗಳ ಸರಾಸರಿ ಮುಕ್ತಾಯ ಬೆಲೆ 1 ಡಾಲರಿಗಿಂತ ಕಡಿಮೆಯಾದಲ್ಲಿ, ಕಂಪನಿಯು ಪಟ್ಟಿಯಲ್ಲಿ ಮುಂದುವರಿಯುವ ಷರತ್ತನ್ನು ಪಾಲಿಸಿದಂತಾಗುವುದಿಲ್ಲ. ಇದನ್ನು ತಪ್ಪಿಸಲು ಹಲವು ಕಂಪನಿಗಳು ಕ್ರೋಡೀಕರಣದ ಮೊರೆಹೋಗುವುದರಿಂದ, ಹೂಡಿಕೆದಾರರು ಇದನ್ನು ಸಂಕಷ್ಟದ ಸೂಚನೆಯೆಂದು ಪರಿಗಣಿಸುವುದುಂಟು.

ಅಮೆರಿಕದ ಸಿಟಿಗ್ರೂಪ್ ಬ್ಯಾಂಕು 2011ರ ಮೇ ತಿಂಗಳಲ್ಲಿ 10ಕ್ಕೆ 1ರಂತೆ ಕ್ರೋಡೀಕರಣ ಮಾಡಿತು. ಸುಮಾರು 2,900 ಕೋಟಿ ಷೇರುಗಳು 290 ಕೋಟಿಗೆ ಇಳಿದವು, ಸುಮಾರು 4.5 ಡಾಲರ್ ಇದ್ದ ಬೆಲೆ ಸುಮಾರು 44 ಡಾಲರ್ ಆಯಿತು. ಆದರೆ ಆ ವರ್ಷಾಂತ್ಯಕ್ಕೆ ಬೆಲೆ ಸುಮಾರು 26 ಡಾಲರಿಗೆ ಕುಸಿಯಿತು. ಇದಕ್ಕೆ ವ್ಯತಿರಿಕ್ತವಾಗಿ, 2003ರಲ್ಲಿ 6ಕ್ಕೆ 1ರಂತೆ ಕ್ರೋಡೀಕರಿಸಿದ ಪ್ರೈಸ್‌ಲೈನ್ ಸಂಸ್ಥೆಯ ಷೇರು, ವ್ಯವಹಾರದ ಬೆಳವಣಿಗೆಯಿಂದಾಗಿ 2013ರಲ್ಲಿ 1,000 ಡಾಲರ್ ದಾಟಿತು. ವಿಶ್ವಾಸವನ್ನು ನಿರ್ಧರಿಸುವುದು ಕಂಪನಿಯ ಗಳಿಕೆಯೇ ಹೊರತು ಷೇರುಗಳ ಸಂಖ್ಯೆಯಲ್ಲ.

ಭಾರತದಲ್ಲಿನ ಉಪಬಂಧಗಳು
ಕಂಪನಿಗಳ ಅಧಿನಿಯಮ, 2013ರ 61ನೇ ಪ್ರಕರಣದ ಮೇರೆಗೆ, ಕಂಪನಿಯ ಅಂತರ್ನಿಯಮಗಳಲ್ಲಿ ಅವಕಾಶವಿದ್ದಲ್ಲಿ, ಸಾಮಾನ್ಯ ಸಭೆಯ ನಿರ್ಣಯದ ಮೂಲಕ ಕ್ರೋಡೀಕರಣ ಮಾಡಬಹುದು. ಇದರಿಂದ ಷೇರುದಾರರ ಮತದಾನದ ಶೇಕಡಾ ಪ್ರಮಾಣ ಬದಲಾಗುವುದಾದರೆ, ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಅನುಮೋದನೆ ಅಗತ್ಯ. ಬದಲಾವಣೆಯನ್ನು 30 ದಿನಗಳೊಳಗೆ ಕಂಪನಿಗಳ ರಿಜಿಸ್ಟ್ರಾರ್ ಅವರಿಗೆ ತಿಳಿಸತಕ್ಕದ್ದು.

ಸಣ್ಣ ಷೇರುದಾರರು ಗಮನಿಸಬೇಕಾದ ಅಂಶಗಳು
1. ಸಾಮಾನ್ಯವಾಗಿ ಭಿನ್ನಾಂಶದ ಷೇರುಗಳನ್ನು ಒಟ್ಟುಗೂಡಿಸಿ ಮಾರಾಟ ಮಾಡಿ, ಬಂದ ಮೊತ್ತವನ್ನು ಅರ್ಹರಿಗೆ ಹಂಚಲಾಗುತ್ತದೆ. 10ಕ್ಕೆ 1ರ ಕ್ರೋಡೀಕರಣದಲ್ಲಿ ಕೇವಲ 7 ಷೇರುಗಳನ್ನು ಹೊಂದಿರುವವರಿಗೆ ಹಣ ದೊರೆಯಬಹುದು. ಆದರೆ ಅವರು ಷೇರುದಾರರಾಗಿ ಉಳಿಯುವುದಿಲ್ಲ.
2. ಸಭೆಯ ಸೂಚನಾ ಪತ್ರದಲ್ಲಿ ಕ್ರೋಡೀಕರಣದ ಅನುಪಾತ, ಕಾರಣ ಹಾಗೂ ಭಿನ್ನಾಂಶಗಳ ವಿಲೇವಾರಿಯ ವಿಧಾನವನ್ನು ಪರಿಶೀಲಿಸಿ, ಮತ ಚಲಾಯಿಸುವುದು ಸೂಕ್ತ.
3. ಕ್ರೋಡೀಕರಣದ ನಂತರ ಡಿಮ್ಯಾಟ್ ಖಾತೆಯಲ್ಲಿ ಹೊಸ ಷೇರುಗಳು ಸರಿಯಾಗಿ ಜಮೆಯಾಗಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.
4. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯಿಂದ ಪರಿಹಾರ ದೊರೆಯದಿದ್ದಲ್ಲಿ, ಸೆಬಿಯ ‘ಸ್ಕೋರ್ಸ್’ ವ್ಯವಸ್ಥೆಯ ಮೂಲಕ ದೂರು ಸಲ್ಲಿಸಬಹುದು.