ಬೂದಿಯಾದವರ ಕಥೆ: ವಿಝರ್ಡ್ರಿ ಧಾರಾವಾಹಿಯೂ ಸಾವಿನ ನಿಯಮವೂ

ವಿಡಿಯೊ ಗೇಮಿನಿಂದ ಹುಟ್ಟಿದ ಕಾದಂಬರಿಗೆ ಸಾವನ್ನು ಬರೆಯುವ ಶಕ್ತಿಯಿಲ್ಲ ಎಂಬ ಮಾತು ಜಪಾನಿ ವಿಮರ್ಶೆಯಲ್ಲಿ ಬಹುಕಾಲದಿಂದ ಬೇರೂರಿದೆ. ಅದಕ್ಕೆ ತೂಕ ತಂದುಕೊಟ್ಟವರು ಓತ್ಸುಕಾ ಐಜಿ. ಪಾತ್ರಪ್ರಧಾನ ಕಾದಂಬರಿಯ ರಚನೆಯನ್ನು ಕುರಿತ 2003ರ ತಮ್ಮ ಪುಸ್ತಕದಲ್ಲಿ ಅವರು ಈ ಶಂಕೆಯನ್ನು ಎತ್ತಿದರು. ಆಟದ ಪಾತ್ರ ಸತ್ತರೂ ಮತ್ತೆ ಮೊದಲಿಂದ ಆಡಬಹುದು. ಹಾಗಿರುವಾಗ ಆಟವನ್ನು ಅನುಸರಿಸಿ ಬರೆದ ಕಥೆಯಲ್ಲಿ ಸಾವಿಗೆ ಏನು ಬೆಲೆ? ನಾಲ್ಕು ವರ್ಷಗಳ ನಂತರ ಅಜುಮಾ ಹಿರೋಕಿ, ಗೇಮ್‌ರೂಪಿ ವಾಸ್ತವವಾದದ ಹುಟ್ಟನ್ನು ಕುರಿತ ತಮ್ಮ ಕೃತಿಯಲ್ಲಿ ಇದಕ್ಕೆ ಉತ್ತರ ಕೊಟ್ಟರು. ಮತ್ತೆ ಮತ್ತೆ ಬದುಕುವುದೂ ಒಂದು ಅನುಭವವೇ, ಅದರೊಳಗಿನಿಂದಲೂ ಸಾವನ್ನು ಬರೆಯಬಹುದು ಎಂದು ಅವರು ವಾದಿಸಿದರು. ಒಂದೇ ದಿನವನ್ನು ಸತ್ತು ಸತ್ತು ಮತ್ತೆ ಬದುಕುವ ಸೈನಿಕನ ಕಥೆ, ಸಾಕುರಾಜಾಕಾ ಹಿರೋಶಿಯವರ 2004ರ 'ಆಲ್ ಯು ನೀಡ್ ಈಸ್ ಕಿಲ್', ಅವರ ಮುಖ್ಯ ಸಾಕ್ಷಿಗಳಲ್ಲಿ ಒಂದು.

ಈ ವಾದವನ್ನು ಚರ್ಚಿಸಿದವರೆಲ್ಲ ಇಬ್ಬರಲ್ಲಿ ಯಾರ ಪರ ನಿಲ್ಲಬೇಕೆಂದೇ ತಲೆಕೆಡಿಸಿಕೊಂಡಿದ್ದಾರೆ. ನನ್ನ ತಕರಾರು ಇಬ್ಬರೂ ನಿಂತಿರುವ ನೆಲದ ಬಗ್ಗೆ. ಆಟವೆಂದರೆ ರಿಸೆಟ್ ಮಾಡಬಹುದಾದದ್ದು ಎಂಬುದನ್ನು ಓತ್ಸುಕಾ ದೋಷವೆಂದು ಎಣಿಸಿದರು, ಅಜುಮಾ ಸಾಧ್ಯತೆಯೆಂದು ಎಣಿಸಿದರು. ಹಾಗೆ ಒಪ್ಪದ ಆಟವೊಂದು, ಆ ಆಟವನ್ನು ಆಧರಿಸಿ ಪತ್ರಿಕೆಯಲ್ಲಿ ಕಂತುಕಂತಾಗಿ ಬಂದ ಕಾದಂಬರಿಯೊಂದು 1980ರ ದಶಕದಲ್ಲೇ ಜಪಾನಿ ಓದುಗರ ಕೈಯಲ್ಲಿತ್ತು. ಆಟ ವಿಝರ್ಡ್ರಿ. ಕಾದಂಬರಿ ಬೆನ್ನಿ ಮಾತ್ಸುಯಾಮಾ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಲೇಖಕರ 'ತೊನಾರಿಆವಾಸೆ ನೊ ಹಾಯ್ ತೊ ಸೇಶುನ್', ಅಂದರೆ ಅಕ್ಕಪಕ್ಕದಲ್ಲೇ ಇರುವ ಬೂದಿ ಮತ್ತು ತಾರುಣ್ಯ. ಜೆಐಸಿಸಿ ಪ್ರಕಾಶನದ 'ಫ್ಯಾಮಿಕಾಮ್ ಹಿಶ್ಶೋಬೊನ್' ಎಂಬ ಗೇಮ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು 1988ರಲ್ಲಿ ಪುಸ್ತಕವಾಯಿತು. ಹೆಸರಿನಲ್ಲೇ ಬೂದಿಯನ್ನು ಹೊತ್ತ ಈ ಕೃತಿಯನ್ನು ಬದಿಗಿಟ್ಟು ಗೇಮ್ ಕಾದಂಬರಿಯ ಸಾವಿನ ಬಗ್ಗೆ ತೀರ್ಪು ಕೊಡಲಾಗದು.

ಆ ಬೂದಿ ಯಾವುದು? ಇದನ್ನು ಕಾವ್ಯಾತ್ಮಕ ರೂಪಕವೆಂದು ಓದುವವರು ಆಟವನ್ನು ಆಡಿಲ್ಲ ಎಂದೇ ಹೇಳಬೇಕಾಗುತ್ತದೆ. ಆಂಡ್ರೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್ ರಚಿಸಿ, ಅಮೆರಿಕದ ಸರ್-ಟೆಕ್ ಕಂಪನಿ 1981ರಲ್ಲಿ ಆಪಲ್ 2 ಕಂಪ್ಯೂಟರಿಗೆ ಹೊರತಂದ ಮೊದಲ ವಿಝರ್ಡ್ರಿಯಲ್ಲಿ ಬೂದಿ ಎಂಬುದು ಪಾತ್ರದ ಒಂದು ಸ್ಥಿತಿ, ದಾಖಲೆಯಲ್ಲಿ ಹೆಸರಿನ ಮುಂದೆ ಬೀಳುವ ಗುರುತು. ಆರು ಜನರ ತಂಡ ಹತ್ತು ಮಟ್ಟದ ನೆಲಮಾಳಿಗೆಗೆ ಇಳಿಯುತ್ತದೆ. ಒಬ್ಬ ಸತ್ತರೆ ಉಳಿದವರು ಹೆಣವನ್ನು ಊರಿಗೆ ತಂದು ಕಾಂಟ್ ದೇವಾಲಯದ ಪೂಜಾರಿಗಳಿಗೆ ಒಪ್ಪಿಸಬೇಕು. ಸತ್ತವನ ಮಟ್ಟ ಎಷ್ಟೋ ಅಷ್ಟು ಸಲ 250 ಚಿನ್ನದ ನಾಣ್ಯ ಕಾಣಿಕೆ. ಪೂಜಾರಿಗಳು ಪ್ರಯತ್ನಿಸುತ್ತಾರೆ, ಫಲ ನಿಶ್ಚಿತವಲ್ಲ. ಸತ್ತವನ ದೇಹಬಲ ಕಡಿಮೆಯಿದ್ದಷ್ಟೂ ವಿಫಲವಾಗುವ ಸಂಭವ ಹೆಚ್ಚು. ವಿಫಲವಾದರೆ ಹೆಣ ಬೂದಿಯಾಗುತ್ತದೆ. ಬೂದಿಯಿಂದ ಎಬ್ಬಿಸಲು ಇಮ್ಮಡಿ ಕಾಣಿಕೆ, ಮಟ್ಟವೊಂದಕ್ಕೆ 500. ಅದೂ ಕೈಕೊಟ್ಟರೆ ಆ ಪಾತ್ರ ಇಲ್ಲವಾಗುತ್ತದೆ. ಎಷ್ಟು ಹಣ ಸುರಿದರೂ ಮರಳುವುದಿಲ್ಲ. ತಂಡದಲ್ಲೇ ಪೂಜಾರಿಯಿದ್ದರೆ ಡಿ, ಕಾಡೊರ್ಟೊ ಎಂಬ ಮಂತ್ರಗಳಿಂದ ನೆಲಮಾಳಿಗೆಯೊಳಗೇ ಈ ಜೂಜಿಗೆ ಕೈಹಾಕಬಹುದು. ಇಡೀ ತಂಡ ಅಳಿದರೆ ಹೆಣಗಳು ಬಿದ್ದಲ್ಲೇ ಇರುತ್ತವೆ. ಹೊಸ ತಂಡ ಕಟ್ಟಿ, ಅದನ್ನು ಪಳಗಿಸಿ, ಅದೇ ಜಾಗಕ್ಕೆ ಇಳಿದು ಹೆಣಗಳನ್ನು ಹೊತ್ತು ತರಬೇಕು.

ಇದರ ಪಕ್ಕದಲ್ಲಿ 1986ರ ಡ್ರ್ಯಾಗನ್ ಕ್ವೆಸ್ಟನ್ನು ಇಟ್ಟು ನೋಡಿ. ಅಲ್ಲಿ ವೀರ ಬಿದ್ದರೆ ರಾಜನ ಮುಂದೆ ಎದ್ದು ನಿಲ್ಲುತ್ತಾನೆ. ಹೋಗುವುದು ಕೈಯಲ್ಲಿದ್ದ ಚಿನ್ನದ ಅರ್ಧ. ಓತ್ಸುಕಾ ಅವರ ವರ್ಣನೆ ಈ ಮಾದರಿಗೆ ಸರಿಯಾಗಿ ಒಪ್ಪುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದು ಆಟದ ಗುಣವನ್ನು ಆಟಗಳೆಲ್ಲದರ ಗುಣವೆಂದು ಹೇಳುವುದು ಸಂಶೋಧನೆಯ ಶಿಸ್ತಲ್ಲ.

ಇದಕ್ಕೆ ಎದುರಾಗಿ ಬರಬಹುದಾದ ಅತ್ಯಂತ ಗಟ್ಟಿಯಾದ ಆಕ್ಷೇಪ ಆಟಗಾರರ ನಡೆಯಿಂದ ಬರುತ್ತದೆ. ಆಪಲ್ ಕಾಲದಲ್ಲಿ ಡಿಸ್ಕಿನ ನಕಲು ಇಟ್ಟುಕೊಂಡವರಿದ್ದರು. 1987ರ ಕೊನೆಯಲ್ಲಿ ಆಸ್ಕಿ ಸಂಸ್ಥೆ ಫ್ಯಾಮಿಕಾಮ್‌ಗೆ ತಂದ ಆವೃತ್ತಿಯಲ್ಲೂ ಸಾವು ದಾಖಲಾಗುವ ಮೊದಲೇ ಯಂತ್ರದ ಗುಂಡಿಯೊತ್ತಿ ಪಾರಾಗುವ ಉಪಾಯವನ್ನು ಆಟಗಾರರು ಬಲ್ಲವರಾಗಿದ್ದರು. ಹಾಗಾದರೆ ಇಲ್ಲೂ ರಿಸೆಟ್ ಇದ್ದಂತಾಯಿತಲ್ಲ?

ಇತ್ತು, ನಿಯಮದ ಹೊರಗೆ. ಡ್ರ್ಯಾಗನ್ ಕ್ವೆಸ್ಟಿನಲ್ಲಿ ಮರುಜೀವ ಆಟವೇ ಕೊಡುವ ವರ. ವಿಝರ್ಡ್ರಿಯಲ್ಲಿ ಅದು ಆಟದ ಕಣ್ಣುತಪ್ಪಿಸಿ ಯಂತ್ರದಿಂದ ಕಸಿಯುವ ವಿನಾಯಿತಿ. ಗುಂಡಿಯ ಕಡೆ ಬೆರಳು ಧಾವಿಸುವುದು ಸಾವು ಅಳಿಸಲಾಗದ್ದು ಎಂದು ಆಟಗಾರನಿಗೆ ಗೊತ್ತಿರುವುದರಿಂದಲೇ. ಆ ಅವಸರವೇ ನಿಯಮದ ಬಲಕ್ಕೆ ಸಾಕ್ಷಿ. ಕಾದಂಬರಿಕಾರನ ಆಯ್ಕೆ ಇಲ್ಲಿ ನಿರ್ಣಾಯಕವಾಗುತ್ತದೆ. ಮಾತ್ಸುಯಾಮಾ ಆಟದ ದೇವಾಲಯವನ್ನು, ಮಂತ್ರಗಳನ್ನು, ಬೂದಿಯ ಅಪಾಯವನ್ನು ಕಾದಂಬರಿಗೆ ತಂದರು. ಆಟದ ಏರ್ಪಾಡುಗಳಿಗೆ ಲೋಕದೊಳಗಿನ ಕಾರಣ ಕೊಡುವುದು ಅವರ ಬರವಣಿಗೆಯ ಹೆಗ್ಗುರುತು. ಆದರೆ ಆಟಗಾರರ ಆ ಉಪಾಯವನ್ನು ಅವರು ಹೊಸ್ತಿಲಾಚೆಗೇ ಬಿಟ್ಟರು. ಅಜುಮಾ ಮೆಚ್ಚಿದ ಕೃತಿಗಳು ಆಡುವವನ ಸ್ಥಾನದಲ್ಲಿ ನಿಂತು ಕಥೆ ಹೇಳುತ್ತವೆ, ಮಾತ್ಸುಯಾಮಾ ಆಡಲ್ಪಡುವವನ ಸ್ಥಾನದಲ್ಲಿ ನಿಲ್ಲುತ್ತಾರೆ. ನೆಲಮಾಳಿಗೆಗೆ ಇಳಿದವನಿಗೆ ಗುಂಡಿ ಕಾಣಿಸದು.

ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. ಅದನ್ನು ಓತ್ಸುಕಾ ಎತ್ತಿದ್ದರೆ ಅವರ ವಾದ ಇನ್ನೂ ಬಲವಾಗುತ್ತಿತ್ತು. ಆಟದಲ್ಲಿ ಬೂದಿಯನ್ನು ತೀರ್ಮಾನಿಸುವುದು ಆಕಸ್ಮಿಕ. ಯಂತ್ರ ಅಂಕಿಯೊಂದನ್ನು ಎತ್ತುತ್ತದೆ, ಅದಕ್ಕೆ ಕರುಣೆಯೂ ಇಲ್ಲ, ಕಥೆಯ ಹಂಗೂ ಇಲ್ಲ. ಕಾದಂಬರಿಯಲ್ಲಿ ಅಂಥ ಆಕಸ್ಮಿಕ ಸಾಧ್ಯವೇ ಇಲ್ಲ. ಯಾರು ಏಳಬೇಕು, ಯಾರು ಬೂದಿಯಾಗಬೇಕು ಎಂಬುದನ್ನು ಲೇಖಕ ಆರಿಸುತ್ತಾನೆ. ಅಂದಮೇಲೆ ಪುಟದ ಮೇಲಿನ ಬೂದಿ ಆಟದ ಬೂದಿಯೇ ಅಲ್ಲ, ಅದರ ವೇಷ ಮಾತ್ರ ಎನ್ನಬಹುದು.

ಪುಸ್ತಕವನ್ನಷ್ಟೇ ಮುಂದಿಟ್ಟುಕೊಂಡರೆ ಈ ತೊಡಕಿಗೆ ಉತ್ತರವಿಲ್ಲ. ಧಾರಾವಾಹಿಯನ್ನು ಮುಂದಿಟ್ಟುಕೊಂಡರೆ ಉತ್ತರವಿದೆ. ಗೇಮ್ ಪತ್ರಿಕೆಯನ್ನು ಕೊಳ್ಳುವವರು ಆಡುವವರು. ಅದರಲ್ಲಿ ವಿಝರ್ಡ್ರಿ ಧಾರಾವಾಹಿಯನ್ನು ಹಿಡಿದು ಓದಿದವರಲ್ಲಿ ಬಹಳ ಮಂದಿ ಅದೇ ನೆಲಮಾಳಿಗೆಯಲ್ಲಿ ತಮ್ಮದೇ ಆರು ಜನರನ್ನು ಇಳಿಸಿದವರೆಂದು ಧಾರಾಳವಾಗಿ ಊಹಿಸಬಹುದು. ಎರಡು ಕಂತುಗಳ ನಡುವೆ ಅವರು ಸುಮ್ಮನೆ ಕಾಯುತ್ತಿರಲಿಲ್ಲ, ಆಡುತ್ತಿದ್ದರು. ತಾವೇ ಹೆಸರಿಟ್ಟ ಪಾತ್ರಗಳನ್ನು ಕಾಂಟ್ ದೇವಾಲಯಕ್ಕೆ ಹೊತ್ತು ತಂದಿದ್ದರು, ಕಾಣಿಕೆ ಸಾಲದೆ ಹಿಂತಿರುಗಿದ್ದರು. ಅಂಥವರು ಪುಟದಲ್ಲಿ ದೇವಾಲಯದ ಮೆಟ್ಟಿಲು ಕಂಡಾಗ ಪಡುವ ಭಯ ಲೇಖಕನ ವರ್ಣನೆಯಿಂದ ಬಂದದ್ದಲ್ಲ. ಅದು ಅವರ ಕೈಬೆರಳುಗಳಿಗೆ ಮೊದಲೇ ಗೊತ್ತಿತ್ತು. ಲೇಖಕ ಆರಿಸಿದ್ದು ಒಂದೇ ಫಲವನ್ನು, ಓದುಗ ಕಂಡದ್ದು ಎರಡನ್ನೂ. ಆಕಸ್ಮಿಕವನ್ನು ಪುಟಕ್ಕೆ ತಂದವನು ಓದುಗನೇ. ಒಂದು ಕಂತು ದೇವಾಲಯದ ಬಾಗಿಲಲ್ಲಿ ನಿಂತರೆ, ಮುಂದಿನ ಸಂಚಿಕೆ ಬರುವ ತನಕ ಆ ಪಾತ್ರದ ಅಳಿವು ಉಳಿವು ನಿಜಕ್ಕೂ ತೀರ್ಮಾನವಾಗಿರುವುದಿಲ್ಲ. ಇಂಥ ಬರವಣಿಗೆಗೆ ಕಂತಿನ ರೂಪ ಬರಿಯ ಮುದ್ರಣದ ಅನುಕೂಲವಲ್ಲ, ಸಾವಿಗೆ ತೂಕ ತರುವ ಉಪಕರಣ.

ಇದು ಫ್ಯಾನ್ ಫಿಕ್ಷನ್ ಹೇಗಾದೀತು, ಪ್ರಕಾಶಕರು ಹಣಕೊಟ್ಟು ಬರೆಸಿದ್ದಲ್ಲವೇ ಎಂದು ಕೇಳಬಹುದು. ಅಭಿಮಾನಿ ಬರವಣಿಗೆಯನ್ನು ಅಧ್ಯಯನಕ್ಕೆ ಯೋಗ್ಯವಾಗಿಸಿದ ಹೆನ್ರಿ ಜೆಂಕಿನ್ಸ್ ಅವರಿಗೆ ಈ ಕ್ಷೇತ್ರದಲ್ಲಿ ದುಡಿಯುವ ನಾವೆಲ್ಲರೂ ಋಣಿಗಳು. ಆದರೆ 1992ರಲ್ಲಿ ಅವರು ಮಿಶೆಲ್ ದ ಸೆರ್ತೊ ಅವರಿಂದ ಪಡೆದುಕೊಂಡ ಹೋಲಿಕೆ, ಅಂದರೆ ಅಭಿಮಾನಿಗಳು ಒಡೆಯನ ಕಾಡಿಗೆ ನುಗ್ಗುವ ಕಳ್ಳಬೇಟೆಗಾರರೆಂಬುದು, ಟೆಲಿವಿಷನ್ ಸರಣಿಗಳನ್ನು ನೋಡಿ ರೂಪುಗೊಂಡದ್ದು. ಅಲ್ಲಿ ನಾಯಕರಿದ್ದಾರೆ, ಸಂಭಾಷಣೆಯಿದೆ, ಕದಿಯಲು ಕಥೆಯಿದೆ. ಮೊದಲ ವಿಝರ್ಡ್ರಿಯಲ್ಲಿ ಇರುವುದು ಹುಚ್ಚು ಒಡೆಯ ಟ್ರೆಬರ್, ಅವನ ತಾಯಿತವನ್ನು ಕದ್ದು ನೆಲಮಾಳಿಗೆಯ ತಳ ಸೇರಿದ ಮಾಂತ್ರಿಕ ವೆರ್ಡ್‌ನಾ, ಮತ್ತೆ ಗೋಡೆಗಳು. (ಎರಡೂ ಹೆಸರು ರಚನಕಾರರ ಹೆಸರುಗಳ ತಿರುಗುಮುರುಗು ಕಾಗುಣಿತ.) ನಾಯಕರು ಯಾರೂ ಇಲ್ಲ, ಅವರನ್ನು ಆಟಗಾರ ತಾನೇ ಸೃಷ್ಟಿಸಬೇಕು. ಹೀಗಾಗಿ ಈ ಲೋಕದಲ್ಲಿ ಹಣ ಪಡೆದು ಬರೆದವನೂ ನೋಟ್‌ಬುಕ್ಕಿನಲ್ಲಿ ತನಗಾಗಿ ಬರೆದುಕೊಂಡವನೂ ಒಂದೇ ಕಡೆಯಿಂದ ಹೊರಡುತ್ತಾರೆ: ಬರಿದಾದ ಪಟ್ಟಿಗೆ ತಾವು ತುಂಬಿದ ಆರು ಹೆಸರುಗಳಿಂದ. ಪಡೆದದ್ದು ಕಥೆಯಲ್ಲ, ನಿಯಮ. ನಿಯಮಕ್ಕೆ ನಿಷ್ಠನಾಗಿರುವುದೇ ಇಲ್ಲಿ ಅಭಿಮಾನ.

ಎರವಲು ಒಂದೇ ದಿಕ್ಕಿನಲ್ಲಿ ಹರಿಯಲೂ ಇಲ್ಲ. 1987ರ ನಾಲ್ಕನೆಯ ವಿಝರ್ಡ್ರಿಯಲ್ಲಿ ಆಟಗಾರನೇ ವೆರ್ಡ್‌ನಾ. ತಳದಿಂದ ಮೇಲಕ್ಕೆ ಹತ್ತಬೇಕು. ದಾರಿಯಲ್ಲಿ ಅವನನ್ನು ತಡೆಯಲು ಬರುವ ಸಾಹಸಿಗಳನ್ನು ಸರ್-ಟೆಕ್ ಆರಿಸಿಕೊಂಡದ್ದು ಗ್ರಾಹಕರು ಕಂಪನಿಗೆ ಕಳಿಸಿದ್ದ ಡಿಸ್ಕ್‌ಗಳಿಂದ. ಆಟಗಾರರು ಕಟ್ಟಿದ ಪಾತ್ರಗಳನ್ನು ಮೂಲಕರ್ತೃಗಳೇ ಎರವಲು ಪಡೆದರು. ಕಳ್ಳಬೇಟೆಯ ಹೋಲಿಕೆಯಲ್ಲಿ ಇದಕ್ಕೆ ಜಾಗವಿಲ್ಲ.

ಇಲ್ಲಿ ಓತ್ಸುಕಾ ಅವರ ಬಗ್ಗೆ ಒಂದು ಮಾತು ಸೇರಿಸಬೇಕು. ಅವರು ಹೊರಗೆ ನಿಂತು ನೋಡಿದ ಪಂಡಿತರಲ್ಲ. ಅದೇ ಕಾಲದಲ್ಲಿ, 1987ರಿಂದ, ಕಾದೊಕಾವಾ ಬಳಗದ 'ಮಾರುಕಾತ್ಸು ಫ್ಯಾಮಿಕಾಮ್' ಎಂಬ ಗೇಮ್ ಪತ್ರಿಕೆಯಲ್ಲಿ ಅವರೇ ಕಥೆ ಒದಗಿಸಿದ 'ಮಾದಾರಾ' ಚಿತ್ರಧಾರಾವಾಹಿ ಬರುತ್ತಿತ್ತು. ಗೇಮ್ ಪತ್ರಿಕೆಯ ಪುಟಗಳಲ್ಲಿ ಕಂತಿನ ಕಥೆ ಹೇಗೆ ಉಸಿರಾಡುತ್ತದೆ ಎಂಬುದನ್ನು ಅವರಷ್ಟು ಹತ್ತಿರದಿಂದ ಬಲ್ಲ ವಿಮರ್ಶಕರು ವಿರಳ. ಯುದ್ಧಕಾಲದಲ್ಲಿ ತೆಜುಕಾ ಒಸಾಮು ಬರೆದ ಚಿತ್ರಕಥೆಯಲ್ಲಿ ವ್ಯಂಗ್ಯಚಿತ್ರದ ದೇಹದಿಂದ ರಕ್ತ ಸುರಿಯುವ ಗಳಿಗೆಯನ್ನು ಅವರು ಓದಿದ ರೀತಿಯನ್ನು ನಾನು ಈಗಲೂ ಆದರದಿಂದ ನೆನೆಯುತ್ತೇನೆ. ಕಾಗದದ ಗೊಂಬೆಗೂ ಸಾವಿದೆ ಎಂದು ಕಾಣಬಲ್ಲ ಆ ಕಣ್ಣು, ಅಕ್ಷರಗಳ ಪಟ್ಟಿಯಾಗಿರುವ ಪಾತ್ರಕ್ಕೂ ಸಾವಿದೆ ಎಂದು ಕಾಣಬಹುದಿತ್ತು. ಗೇಮ್ ಕಾದಂಬರಿಯ ಚರ್ಚೆಗೆ ಅವರು ಎತ್ತಿಕೊಂಡ ಉದಾಹರಣೆಗಳಲ್ಲಿ ಮಿಜುನೊ ರ್ಯೋ ಅವರ 'ಲೋಡೋಸ್ ದ್ವೀಪದ ಯುದ್ಧವೃತ್ತಾಂತ'ವಿದೆ. ಅದನ್ನು ವಿಡಿಯೊ ಗೇಮಿನ ಕೂಸೆಂದು ಬರೆಯುವವರಿಗೆ ಇನ್ನೂ ಕೊನೆಯಿಲ್ಲ. ಅದು ಹುಟ್ಟಿದ್ದು ಮೇಜಿನ ಸುತ್ತ ಕುಳಿತು ಆಡಿದ ಆಟದ ವರದಿಯಾಗಿ, 'ಕಾಂಪ್ಟಿಕ್' ಪತ್ರಿಕೆಯಲ್ಲಿ, 1986ರಲ್ಲಿ. ಮೇಜಿನಾಟದಲ್ಲಿ ಫಲವನ್ನು ಮೃದುಗೊಳಿಸಬಲ್ಲ ಮನುಷ್ಯನೊಬ್ಬ ಇರುತ್ತಾನೆ, ವಿಝರ್ಡ್ರಿಯಲ್ಲಿ ಇಲ್ಲ. ಈ ಭೇದವನ್ನು ಮರೆತರೆ ವಾದವೇ ಹಳಿತಪ್ಪುತ್ತದೆ.

ಬೂದಿಯ ಓದು ನನ್ನೊಬ್ಬನ ಕಲ್ಪನೆಯಲ್ಲ ಎಂಬುದಕ್ಕೆ ಮುಂದಿನ ಪೀಳಿಗೆಯ ಬರವಣಿಗೆಯೇ ಆಧಾರ. ಕುಯಿ ರ್ಯೋಕೊ 2014ರಿಂದ 2023ರವರೆಗೆ ಕಂತುಗಳಲ್ಲಿ ಬರೆದ 'ಡಂಜನ್ ಮೆಶಿ' ಚಿತ್ರಕಥೆ ವಿಝರ್ಡ್ರಿಯ ಹೆಸರು ಹೊತ್ತಿಲ್ಲ, ಆದರೆ ಅದರ ಇಡೀ ಯಾನ ಹೊರಡುವುದು ಈ ನಿಯಮದಿಂದ. ತಂಗಿಯನ್ನು ಡ್ರ್ಯಾಗನ್ ನುಂಗಿದೆ, ಅದು ಅವಳನ್ನು ಅರಗಿಸಿಕೊಳ್ಳುವ ಮೊದಲು ದೇಹವನ್ನು ತಲುಪಿದರೆ ಎಬ್ಬಿಸಬಹುದು. ಊಟಕ್ಕೂ ದುಡ್ಡಿಲ್ಲದ ಅಣ್ಣ ಮತ್ತೆ ಇಳಿಯುತ್ತಾನೆ. ಕುಮೊ ಕಾಗ್ಯು ವಿಝರ್ಡ್ರಿಯ ಲೋಕವನ್ನೇ ನೇರವಾಗಿ ಎತ್ತಿಕೊಂಡು 2022ರಲ್ಲಿ 'ಬ್ಲೇಡ್ ಅಂಡ್ ಬಾಸ್ಟರ್ಡ್' ಕಾದಂಬರಿಮಾಲೆ ಆರಂಭಿಸಿದರು. ಅದರ ನಾಯಕ ಇಯಾರುಮಾಸ್‌ನ ಕಸುಬು ನೆಲಮಾಳಿಗೆಯಲ್ಲಿ ಬಿದ್ದ ಹೆಣಗಳನ್ನು ಹೊತ್ತು ದೇವಾಲಯಕ್ಕೆ ತರುವುದು. ಅವನೂ ಹಾಗೆ ಹೊತ್ತು ತರಲ್ಪಟ್ಟವನೇ, ಹಿಂದಿನದೊಂದೂ ನೆನಪಿಲ್ಲ. ಮೊದಲ ಸಂಪುಟದ ಉಪಶೀರ್ಷಿಕೆಯಲ್ಲಿ ಮತ್ತೆ ಅದೇ ಬೂದಿ, ಈ ಸಲ ಬೆಚ್ಚಗಿನ ಬೂದಿ. ಎರಡು ಕೃತಿಗಳಲ್ಲೂ ಸಾವು ಕ್ಷಣದ ಘಟನೆಯಾಗಿ ಉಳಿದಿಲ್ಲ. ಅದು ದೂರ, ಹಣ, ಹೊರೆ, ಗಡುವು ಆಗಿದೆ. ಸತ್ತವರಿಗಾಗಿ ಬದುಕಿರುವವರು ಮಾಡಬೇಕಾದ ದುಡಿಮೆಯಾಗಿದೆ. ಮರುಜೀವ ಸಾಧ್ಯವಿರುವ ಲೋಕದಲ್ಲಿ ಸಾವು ಹಗುರವಾಗುತ್ತದೆ ಎಂಬ ತೀರ್ಮಾನ ಈ ಪರಂಪರೆಯ ಮುಂದೆ ನಿಲ್ಲುವುದಿಲ್ಲ.

ಮಾತ್ಸುಯಾಮಾ ಮೂರನೆಯ ವಿಝರ್ಡ್ರಿಯನ್ನು ಆಧರಿಸಿ ಮತ್ತೊಂದು ಕಾದಂಬರಿಯನ್ನೂ ಬರೆದರು. ಆ ಆಟದಲ್ಲಿ ಹಳೆಯ ಪಾತ್ರಗಳು ಪೂರ್ವಿಕರಾಗಿ, ಅವರ ವಂಶಜರು ಇಳಿಯುತ್ತಾರೆ. ಸಾವಿನ ನಿಯಮ ಅಲ್ಲಿ ಪೀಳಿಗೆಗಳಿಗೆ ಹೇಗೆ ಹಬ್ಬುತ್ತದೆ ಎಂಬುದಕ್ಕೆ ಬೇರೆಯೇ ಲೇಖನ ಬೇಕು. ಜಪಾನಿ ಕಲಿಯುತ್ತಿರುವ ನಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ಈ ಕೆಲಸಕ್ಕೆ ಇಳಿಯುವುದಾದರೆ ಅವರಲ್ಲಿ ನನ್ನದೊಂದು ಕೋರಿಕೆಯಿದೆ. ಪುಸ್ತಕದ ಆವೃತ್ತಿಗಳಿಂದ ಆರಂಭಿಸಬೇಡಿ. 'ಫ್ಯಾಮಿಕಾಮ್ ಹಿಶ್ಶೋಬೊನ್' ಸಂಚಿಕೆಗಳನ್ನು ಹುಡುಕಿ, ಪ್ರತಿ ಕಂತು ಎಲ್ಲಿ ನಿಂತಿತು, ಅದೇ ಸಂಚಿಕೆಯ ಬೇರೆ ಪುಟಗಳಲ್ಲಿ ಆಟದ ಬಗ್ಗೆ ಏನೇನು ಅಚ್ಚಾಗಿತ್ತು ಎಂಬುದನ್ನು ಒಟ್ಟಿಗೆ ಓದಿ. ಅದಕ್ಕೂ ಮೊದಲು ಆರು ಹೆಸರು ಬರೆದು ನೆಲಮಾಳಿಗೆಗೆ ಇಳಿದು ಬನ್ನಿ.